ಬೆಂಕಿ ರೇಖೆ: ಉರಿಯುವ ಅಂಚಲ್ಲ, ಉರಿಯಲು ಏನೂ ಉಳಿಯದ ಪಟ್ಟಿ

‘ಬೆಂಕಿ ರೇಖೆ ಗ್ರಾಮದತ್ತ ಮುನ್ನುಗ್ಗುತ್ತಿದೆ’ ಎಂಬಂಥ ವಾಕ್ಯಗಳು ಬೇಸಿಗೆಯ ಕಾಳ್ಗಿಚ್ಚಿನ ವರದಿಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತವೆ. ಬೆಂಕಿ ರೇಖೆ ಎಲ್ಲಿಗೂ ಮುನ್ನುಗ್ಗುವುದಿಲ್ಲ. ಮುನ್ನುಗ್ಗುವುದು ಬೆಂಕಿಯ ಮುಂಭಾಗ. ರೇಖೆಯೆಂದರೆ ಹುಲ್ಲು, ತರಗೆಲೆ, ಲಂಟಾನದ ಪೊದೆಗಳನ್ನು ಕಡಿದು, ಗುಡಿಸಿ ಅಥವಾ ಹದವರಿತು ಸುಟ್ಟು, ಬರಿ ಮಣ್ಣು ಕಾಣುವಂತೆ ತೆರವು ಮಾಡಿದ ಪಟ್ಟಿ.

ಗೊಂದಲದ ಬೇರು ಸಮಾಸದಲ್ಲಿಯೇ ಇದೆ. ಇಂಗ್ಲಿಷಿನ ‘ಫೈರ್ ಲೈನ್’ ಅನ್ನು ಕನ್ನಡಕ್ಕೆ ತಂದಾಗ ಕನ್ನಡದ ‘ಬೆಂಕಿ’ಗೆ ಸಂಸ್ಕೃತದ ‘ರೇಖೆ’ ಸೇರಿ ಅರಿಸಮಾಸವಾಯಿತು. ನಡುವಿನ ವಿಭಕ್ತಿ ಲೋಪವಾದುದರಿಂದ ‘ಬೆಂಕಿಯ ರೇಖೆ’ ಎಂದೂ ‘ಬೆಂಕಿಗೆ ಅಡ್ಡಲಾಗಿ ಎಳೆದ ರೇಖೆ’ ಎಂದೂ ಅದನ್ನು ಬಿಡಿಸಲು ಸಾಧ್ಯವಾಯಿತು. ಬೆಂಕಿಪೊಟ್ಟಣವೆಂದರೆ ಉರಿಯುತ್ತಿರುವ ಪೊಟ್ಟಣವೆಂದು ಯಾರೂ ತಿಳಿಯುವುದಿಲ್ಲ, ಏಕೆಂದರೆ ಆ ವಸ್ತು ಎಲ್ಲರ ಕಣ್ಣಮುಂದಿದೆ. ಕಾಡಿನೊಳಗಿನ ರೇಖೆಯನ್ನು ಕಂಡವರು ಕಡಿಮೆ. ‘ಬೆಂಕಿ ತಡೆ ರೇಖೆ’ ಎಂದು ಬರೆದರೆ ಈ ಗೊಂದಲ ತೀರುತ್ತದೆ, ಆದರೆ ರೇಖೆಯೊಂದಿದ್ದರೆ ಬೆಂಕಿ ತಾನಾಗಿ ನಿಲ್ಲುತ್ತದೆ ಎಂಬ ಇನ್ನೂ ಅಪಾಯಕಾರಿಯಾದ ತಪ್ಪು ತಿಳಿವಳಿಕೆ ಹುಟ್ಟುತ್ತದೆ.

ಗಾಳಿಯೂ ಒಣ ಲಂಟಾನವೂ ಜೊತೆಯಾದಾಗ ಕಿಡಿ ಎಂಥ ರೇಖೆಯನ್ನೂ ಹಾರಿ ದಾಟಬಲ್ಲದು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿಕೊಂಡಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳಿಂದ ನೀರು ಸುರಿಯಬೇಕಾಯಿತು. ಪ್ರತಿ ವಲಯಕ್ಕೂ ಹೆಲಿಕಾಪ್ಟರ್ ಬರಲಾರದು. ಅಲ್ಲಿರುವವರು ಬೇಸಿಗೆಯ ಮಟ್ಟಿಗೆ ದಿನಗೂಲಿಗೆ ಸೇರಿದ ಫೈರ್ ವಾಚರ್‌ಗಳು. ಅವರ ಕೈಯಲ್ಲಿರುವುದು ಮಚ್ಚು, ಗುದ್ದಲಿ ಮತ್ತು ಹಸಿಸೊಪ್ಪಿನ ಕೊಂಬೆ. ಅಂಥವರಿಗೆ ರೇಖೆಯೆಂದರೆ ತಡೆಗೋಡೆಯಲ್ಲ, ನಿಂತು ಕೆಲಸ ಮಾಡುವ ನೆಲೆ. ತರಬೇತಿಯಲ್ಲಿ ಮೊದಲು ಮನದಟ್ಟಾಗಬೇಕಾದದ್ದು ಇದೇ, ಮತ್ತು ಇದಕ್ಕೆ ಯಂತ್ರೋಪಕರಣವೇನೂ ಬೇಕಿಲ್ಲ.

ರೇಖೆಯನ್ನು ಕಾಡಿನ ನಡುವೆ ಎಲ್ಲೆಂದರಲ್ಲಿ ಆರಂಭಿಸಬಾರದು. ರಸ್ತೆ, ಹಳ್ಳ, ಬಂಡೆ ಅಥವಾ ಆಗಲೇ ಸುಟ್ಟು ಆರಿದ ಜಾಗಕ್ಕೆ ಅದರ ತುದಿ ಕೂಡಿರಬೇಕು, ಇಲ್ಲವಾದರೆ ಬೆಂಕಿ ಆ ತುದಿಯನ್ನು ಸುತ್ತುಹಾಕಿ ಕೆಲಸದವರ ಬೆನ್ನ ಹಿಂದೆ ಬರುತ್ತದೆ. ಉರಿಯ ಹಿಂಬದಿಯಿಂದ ಹೊರಟು ಪಕ್ಕಗಳನ್ನು ಆರಿಸುತ್ತಾ ಮುಂಭಾಗವನ್ನು ಕಿರಿದಾಗಿಸಬೇಕೇ ಹೊರತು ಅದಕ್ಕೆ ಎದುರಾಗಿ ನಿಲ್ಲಬಾರದು, ಅದರಲ್ಲೂ ಏರಿನ ಮೇಲ್ಬದಿಯಲ್ಲಿ ನಿಲ್ಲಲೇಬಾರದು. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ಮೇಲೇರುವ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಅಂದಾಜಿನ ಲೆಕ್ಕ. ಸೊಪ್ಪಿನಿಂದ ಬಡಿಯುವುದಕ್ಕೂ ಕ್ರಮವಿದೆ. ಕೊಂಬೆಯನ್ನು ತಲೆಯ ಮೇಲೆತ್ತಿ ಅಪ್ಪಳಿಸಿದರೆ ಕಿಡಿಗಳು ಸುಡದ ಹುಲ್ಲಿಗೆ ಹಾರುತ್ತವೆ. ಅದನ್ನು ಉರಿಯ ಮೇಲೆ ಒತ್ತಿ ಹಿಡಿದು, ಸುಟ್ಟ ಕಡೆಗೆ ಎಳೆಯಬೇಕು. ಉರಿ ಅಡಗಿದ ಮೇಲೂ ಬಿದಿರಿನ ಮೆಳೆ, ಟೊಳ್ಳು ಮರದ ಬುಡಗಳ ಹತ್ತಿರ ಅಂಗೈಯ ಹಿಂಬದಿಯನ್ನು ಒಯ್ದು ಕಾವನ್ನು ಪರೀಕ್ಷಿಸದೆ ರೇಖೆಯನ್ನು ಬಿಟ್ಟು ಹೋಗಬಾರದು.

ಅಮೆರಿಕದ ಕಾಳ್ಗಿಚ್ಚು ತಜ್ಞ ಪಾಲ್ ಗ್ಲೀಸನ್ 1991ರಲ್ಲಿ ನಾಲ್ಕು ಸಂಗತಿಗಳನ್ನು ಒಟ್ಟಿಗೆ ಮುಂದಿಟ್ಟರು: ಬೆಂಕಿಯ ಮೇಲೆ ಕಣ್ಣಿಟ್ಟವರು, ಎಲ್ಲರಿಗೂ ಕೇಳುವ ಸಂಪರ್ಕ, ಓಡಿ ಪಾರಾಗುವ ದಾರಿ, ಆ ದಾರಿ ಮುಟ್ಟಿಸುವ ಸುರಕ್ಷಿತ ಜಾಗ. ಕೂಗು, ಸೀಟಿಗಳಿಂದಲೇ ಇವನ್ನು ಅಭ್ಯಾಸ ಮಾಡಿಸಬಹುದು. ಗುದ್ದಲಿ ಹಿಡಿಸುವ ಮೊದಲು ಇವನ್ನು ಹೇಳಿಕೊಡದ ತರಬೇತಿ ನನ್ನ ದೃಷ್ಟಿಯಲ್ಲಿ ತರಬೇತಿಯೇ ಅಲ್ಲ. 2017ರಲ್ಲಿ ಬಂಡೀಪುರದ ಬೆಂಕಿ ಅರಣ್ಯ ರಕ್ಷಕರೊಬ್ಬರ ಜೀವ ತೆಗೆದಿದೆ.

ಕೊನೆಯದಾಗಿ, ರೇಖೆಯ ಹೆಸರಿನಲ್ಲಿ ಬೆರೆಸಬಾರದ ಇನ್ನೆರಡು ಪದಗಳಿವೆ. ಎದುರು ಬೆಂಕಿಯೆಂದರೆ ರೇಖೆಯಿಂದ ಬೆಂಕಿಯ ಕಡೆಗೆ ಬೇಕೆಂದೇ ಹೊತ್ತಿಸಿ ನಡುವಿನ ಉರುವಲನ್ನು ಮುಗಿಸುವುದು. ಗಾಳಿಯ ಅಂದಾಜು ಬಲ್ಲ ಅನುಭವಿಗಳಲ್ಲದೆ ಬೇರೆಯವರು ಅದಕ್ಕೆ ಕೈಹಾಕಬಾರದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ‘ತರಗು ಬೆಂಕಿ’ ರೇಖೆಯೂ ಅಲ್ಲ, ಎದುರು ಬೆಂಕಿಯೂ ಅಲ್ಲ: ಅದು ಬೇಸಿಗೆ ಬಲಿಯುವ ಮೊದಲೇ ತರಗನ್ನಷ್ಟೇ ತೆಳುವಾಗಿ ಸುಡುತ್ತಿದ್ದ ರೂಢಿ, 1974ರಲ್ಲಿ ಆ ಬೆಟ್ಟಗಳು ವನ್ಯಜೀವಿಧಾಮವಾದ ಮೇಲೆ ನಿಷೇಧಕ್ಕೆ ಒಳಗಾದದ್ದು. ಅದನ್ನು ಕಾಳ್ಗಿಚ್ಚಿನ ಕಾರಣಗಳ ಪಟ್ಟಿಗೆ ಸೇರಿಸಿ ಬರೆಯುವವರು, ಆ ರೂಢಿ ನಿಂತ ಮೇಲೆ ಲಂಟಾನ ಹಬ್ಬಿದ ಬಗೆಯನ್ನು ಸೋಲಿಗರ ಹಿರಿಯರಿಂದಲೇ ಕೇಳಿ ತಿಳಿಯಬೇಕು.