ಪದ ಪರಿಚಯ: ಥರ್ಡ್ ಪಾರ್ಟಿ ಬೆಂಬಲ

ಗೇಮ್ ಕನ್ಸೋಲ್ (ವಿಡಿಯೊ ಆಟಗಳಿಗೆಂದೇ ಇರುವ ಯಂತ್ರ) ತಯಾರಿಸುವ ಕಂಪನಿಗೆ ಸೇರದೆ, ಹೊರಗಿನಿಂದ ಅದಕ್ಕೆ ಆಟಗಳನ್ನು ರೂಪಿಸಿಕೊಡುವ ಸಂಸ್ಥೆಗಳನ್ನು ಥರ್ಡ್ ಪಾರ್ಟಿ ಡೆವಲಪರ್‌ಗಳು ಎನ್ನುತ್ತಾರೆ. ಅವರು ಒಂದು ಕನ್ಸೋಲ್‌ಗೆ ಎಷ್ಟು ಆಟಗಳನ್ನು, ಎಷ್ಟು ಮುತುವರ್ಜಿಯಿಂದ ತರುತ್ತಾರೆ ಎಂಬುದೇ ಥರ್ಡ್ ಪಾರ್ಟಿ ಬೆಂಬಲ. ಇದನ್ನು ಬರೀ ಒಪ್ಪಂದ ಮತ್ತು ರಾಯಧನದ ವ್ಯವಹಾರವೆಂದು ತಿಳಿಯುವವರೇ ಹೆಚ್ಚು. ಆದರೆ ಅದರ ದೊಡ್ಡ ಪಾಲು ಯಂತ್ರದ ವಿನ್ಯಾಸ ಅಂತಿಮವಾಗುವಾಗಲೇ ತೀರ್ಮಾನವಾಗಿಬಿಟ್ಟಿರುತ್ತದೆ.

1996ರಲ್ಲಿ ಬಂದ ನಿಂಟೆಂಡೊ 64 ಸಿ.ಡಿ.ಯ ಬದಲು, ಆಟವನ್ನು ಚಿಪ್‌ನಲ್ಲಿ ತುಂಬಿಕೊಡುವ ಕಾರ್ಟ್ರಿಡ್ಜನ್ನೇ ಉಳಿಸಿಕೊಂಡಿತು. ಕಾರ್ಟ್ರಿಡ್ಜ್‌ನಿಂದ ಆಟ ಥಟ್ಟನೆ ಲೋಡ್ ಆಗುತ್ತಿತ್ತು, ನಿಜ. ಆದರೆ ಅದರ ಗರಿಷ್ಠ ಸಾಮರ್ಥ್ಯ 64 ಎಂ.ಬಿ., ಸಿ.ಡಿ.ಯದು ಸುಮಾರು 650 ಎಂ.ಬಿ., ಮೇಲಾಗಿ ತಯಾರಿಕೆಯ ಖರ್ಚೂ ಕಾರ್ಟ್ರಿಡ್ಜ್‌ಗೇ ಹೆಚ್ಚು. ಫೈನಲ್ ಫ್ಯಾಂಟಸಿ ಸರಣಿಯ ಮೊದಲ ಆರು ಆಟಗಳನ್ನು ನಿಂಟೆಂಡೊ ಯಂತ್ರಗಳಿಗೇ ಮಾಡಿದ್ದ ಸ್ಕ್ವೇರ್ ಸಂಸ್ಥೆ, 1997ರಲ್ಲಿ ಏಳನೆಯದನ್ನು ಮೂರು ಸಿ.ಡಿ.ಗಳಲ್ಲಿ ಸೋನಿಯ ಪ್ಲೇಸ್ಟೇಷನ್‌ಗೆ ಕೊಟ್ಟಿತು.

ಇದಕ್ಕಿಂತ ಸೂಕ್ಷ್ಮವಾದ ಪ್ರಕರಣ ಸೋನಿಯದೇ ಪ್ಲೇಸ್ಟೇಷನ್ 3. 2006ರ ಈ ಯಂತ್ರದ ಸೆಲ್ ಪ್ರೊಸೆಸರ್‌ನಲ್ಲಿ ಒಂದು ಮುಖ್ಯ ಕೋರ್ (ಲೆಕ್ಕಾಚಾರ ನಡೆಸುವ ಘಟಕ) ಇದ್ದು, ಆಟಗಳ ಬಳಕೆಗೆ ಎಸ್‌ಪಿಯು ಎಂಬ ಆರು ಸಹಾಯಕ ಕೋರ್‌ಗಳು ಸಿಗುತ್ತಿದ್ದವು. ಪ್ರತಿ ಎಸ್‌ಪಿಯುಗೆ ಇದ್ದದ್ದು 256 ಕೆ.ಬಿ. ಸ್ವಂತ ಮೆಮೊರಿ ಮಾತ್ರ. ಕೋಡ್ ಮತ್ತು ದತ್ತಾಂಶಗಳೆರಡೂ ಅಷ್ಟರಲ್ಲೇ ಹಿಡಿಯಬೇಕಿದ್ದುದರಿಂದ, ಕೆಲಸವನ್ನು ತುಂಡುತುಂಡು ಮಾಡಿ, ಪ್ರತಿ ತುಂಡನ್ನೂ ಮುಖ್ಯ ಮೆಮೊರಿಯಿಂದ ತರಿಸಿ ಹಿಂದಿರುಗಿಸುವ ವ್ಯವಸ್ಥೆಯನ್ನು ಪ್ರೋಗ್ರಾಮರ್ ತಾನೇ ಬರೆಯಬೇಕಾಗುತ್ತಿತ್ತು. ಸಾಲದೆಂಬಂತೆ ಯಂತ್ರದ ಮೆಮೊರಿಯೂ 256 ಎಂ.ಬಿ.ಯ ಎರಡು ಪಾಲಾಗಿತ್ತು. ಒಂದು ವರ್ಷ ಮೊದಲೇ ಬಂದಿದ್ದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360ರಲ್ಲಾದರೋ ಒಂದೇ ಬಗೆಯ ಮೂರು ಕೋರ್‌ಗಳಿದ್ದು, 512 ಎಂ.ಬಿ. ಮೆಮೊರಿಯನ್ನು ಬೇಕಾದಂತೆ ಹಂಚಿಕೊಳ್ಳಬಹುದಿತ್ತು. ಎರಡಕ್ಕೂ ಆಟ ಮಾಡುವ ಹೊರಗಿನವರು ಸಹಜವಾಗಿಯೇ ಸುಲಭದ ಯಂತ್ರವನ್ನು ಮೂಲವಾಗಿಟ್ಟುಕೊಂಡರು. ಪ್ಲೇಸ್ಟೇಷನ್ 3ಕ್ಕೆ ಆರಂಭದ ವರ್ಷಗಳಲ್ಲಿ ಬಂದ ಹಲವು ಪೋರ್ಟ್‌ಗಳು, ಅಂದರೆ ಬೇರೆ ಯಂತ್ರದಿಂದ ಹೊಂದಿಸಿ ತಂದ ಆಟಗಳು, ಕುಂಟಿದ್ದು ಹೀಗೆ. ಅದೇ ಎಸ್‌ಪಿಯುಗಳಿಂದ ಸೋನಿಯ ಸ್ವಂತ ಸ್ಟುಡಿಯೊ ನಾಟಿ ಡಾಗ್ ಬೆರಗಾಗುವಂಥ ಕೆಲಸ ತೆಗೆಯಿತು. ಒಂದೇ ಯಂತ್ರಕ್ಕೆ ವರ್ಷಗಟ್ಟಲೆ ದುಡಿಯುವ ಆ ಅನುಕೂಲ ಹೊರಗಿನವರಿಗೆಲ್ಲಿಯದು?

ಹಾಗೆಂದು ಕಷ್ಟದ ಯಂತ್ರವನ್ನು ಡೆವಲಪರ್‌ಗಳು ಎಂದೂ ಸಹಿಸುವುದಿಲ್ಲ ಎನ್ನಲಾಗದು. ಪ್ಲೇಸ್ಟೇಷನ್ 2 ಕೂಡ ಪ್ರೋಗ್ರಾಮರ್‌ಗಳನ್ನು ಸಾಕಷ್ಟು ಕಾಡಿಸಿದ್ದೇ. ಆದರೆ ಅದು 15 ಕೋಟಿಗೂ ಮೀರಿ ಮಾರಾಟವಾಯಿತು, ಅಷ್ಟು ದೊಡ್ಡ ಮಾರುಕಟ್ಟೆಯನ್ನು ಬಿಟ್ಟುಕೊಡಲು ಯಾರೂ ಸಿದ್ಧರಿರಲಿಲ್ಲ.

ಪ್ಲೇಸ್ಟೇಷನ್ 4ರ ಮುಖ್ಯ ವಿನ್ಯಾಸಕಾರ ಮಾರ್ಕ್ ಸರ್ನಿ, ನಕ್ಷೆ ಹಾಕುವ ಮೊದಲೇ ಡೆವಲಪರ್‌ಗಳ ಬಳಿ ಹೋಗಿ ಅವರಿಗೆ ಬೇಕಾದುದೇನೆಂದು ಕೇಳಿದರು. ಎಲ್ಲಕ್ಕಿಂತ ಮೊದಲು ಬಂದ ಬೇಡಿಕೆ ಪಾಲಾಗದ, ಒಂದೇ ಮೆಮೊರಿಯದು. 2013ರಲ್ಲಿ ಆ ಯಂತ್ರ 8 ಜಿ.ಬಿ. ಏಕೀಕೃತ ಮೆಮೊರಿಯೊಂದಿಗೆ, ಪಿ.ಸಿ. ಪರಂಪರೆಯ ಎಎಂಡಿ ಪ್ರೊಸೆಸರ್ ಹೊತ್ತು ಬಂತು. ಎಕ್ಸ್‌ಬಾಕ್ಸ್ ಒನ್ ಹಿಡಿದದ್ದೂ ಎಎಂಡಿಯ ದಾರಿಯನ್ನೇ. ಹಿಂದಿನ ವರ್ಷವಷ್ಟೇ ಬಂದಿದ್ದ ನಿಂಟೆಂಡೊದ ವೀ ಯು ಮಾತ್ರ ಪವರ್‌ಪಿಸಿ ಎಂಬ ಬೇರೆಯೇ ಬಗೆಯ ಪ್ರೊಸೆಸರ್‌ನೊಡನೆ ಒಂಟಿಯಾಯಿತು. ಮಾರಾಟವೂ ಮಂದವಾಗಿದ್ದ ಆ ಯಂತ್ರಕ್ಕೆ ದೊಡ್ಡ ಥರ್ಡ್ ಪಾರ್ಟಿ ಸಂಸ್ಥೆಯಾದ ಎಲೆಕ್ಟ್ರಾನಿಕ್ ಆರ್ಟ್ಸ್ ಬೆರಳೆಣಿಕೆಯ ಆಟಗಳನ್ನು ಕೊಟ್ಟು 2013ರಲ್ಲೇ ನಿಲ್ಲಿಸಿತು.