ಎಪ್ಪತ್ತೈದಾ, ಎಪ್ಪತ್ತಾರಾ?

ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಷೆವರ್ಲೆ ಎಲ್ ಕಮೀನೋ ಕೊಳ್ಳುವವರು ಬೆಲೆಗಿಂತ ಮೊದಲು ಮಾಡೆಲ್ ವರ್ಷ ಕೇಳಬೇಕು. 1975ರದ್ದಾದರೆ ಎಮಿಷನ್ ಟೆಸ್ಟ್ ಇಲ್ಲ. 1976ರದ್ದಾದರೆ ಎರಡು ವರ್ಷಕ್ಕೊಮ್ಮೆ ಇದೆ. ಗಾಡಿ ಮಾತ್ರ ಹೆಚ್ಚುಕಡಿಮೆ ಒಂದೇ!

ಇದು ಮುಂದೆ ಕಾರು, ಹಿಂದೆ ತೊಟ್ಟಿ ಇರುವ ಪಿಕಪ್. ಫೋರ್ಡ್‌ನ ರ‍್ಯಾಂಚೆರೋ 1957ರ ಇಂಥದ್ದೇ ಮಾಡೆಲ್. ಅದನ್ನು ನೋಡಿ ಷೆವರ್ಲೆ 1959ರಲ್ಲಿ ಎಲ್ ಕಮೀನೋ ತಂದಿತು. ಎರಡೇ ವರ್ಷಕ್ಕೆ ನಿಲ್ಲಿಸಿತು. 1964ರಲ್ಲಿ ಅದು ಮತ್ತೆ ಬಂದಿದ್ದು ಅದೇ ಕಂಪನಿಯ ಷೆವೆಲ್ ಕಾರಿನ ಬಂಧುವಾಗಿ. ಮಾಡಿಫೈ ಮಾಡುವವರ ಅದೃಷ್ಟ ಖುಲಾಯಿಸಿದ್ದು ಅಲ್ಲೇ. ಷೆವೆಲ್‌ಗೆ ಸಿಗುವ ಇಂಜಿನ್, ಬ್ರೇಕ್, ಸಸ್ಪೆನ್ಷನ್ ಬಹುತೇಕ ಇದಕ್ಕೂ ಹೊಂದುತ್ತವೆ. ತೊಟ್ಟಿಯ ತಗಡು ತುಕ್ಕು ಹಿಡಿದರೆ ಮಾತ್ರ ಷೆವೆಲ್ ನೆರವಿಗೆ ಬರುವುದಿಲ್ಲ. 1970ರಲ್ಲಂತೂ ಕಂಪನಿಯೇ 450 ಅಶ್ವಶಕ್ತಿಯ ಇಂಜಿನ್ ಕೊಟ್ಟಿತ್ತು. ತೊಟ್ಟಿ ಖಾಲಿ ಇದ್ದರೆ ಹಿಂದೆ ತೂಕ ಕಡಿಮೆ, ಜೋರಾಗಿ ತುಳಿದರೆ ಟೈರ್ ನಿಂತಲ್ಲೇ ಗಿರಗಿರ ಸುತ್ತುತ್ತದೆ. ಮೂಟೆ ಹೊರುವ ಗಾಡಿಗೆ ಇದೆಲ್ಲ ಯಾಕೆ ಅಂತ ಕೇಳಬಾರದು.

ಈಗ ಆ ವರ್ಷದ ಗೆರೆಗೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ಟೆಸ್ಟ್ ಶುರುವಾಗಿದ್ದು 1984ರಲ್ಲಿ. ಮುಂದೆ ಒಂದು ವಿನಾಯಿತಿ ಬಂತು: ಗಾಡಿಗೆ ಮೂವತ್ತು ವರ್ಷ ತುಂಬಿದರೆ ಟೆಸ್ಟ್ ಬೇಡ. ಪ್ರತಿ ವರ್ಷ ಒಂದೊಂದು ಮಾಡೆಲ್ ವರ್ಷದ ಗಾಡಿಗಳು ಟೆಸ್ಟ್ ತಪ್ಪಿಸಿಕೊಳ್ಳುತ್ತಿದ್ದವು. ಹಳೆ ಗಾಡಿಗಳ ಹೊಗೆ ಜಾಸ್ತಿ ಎಂಬ ವಾದ ಗೆದ್ದು, 2004ರಲ್ಲಿ ಬಂದ ಕಾನೂನು ಆ ಸರದಿಯನ್ನೇ ನಿಲ್ಲಿಸಿತು. 1975ರವರೆಗಿನವು ಪಾರಾದವು, 1976ರ ಗಾಡಿ ಅವತ್ತಿನಿಂದ ಬಾಗಿಲಲ್ಲೇ ನಿಂತಿದೆ.

ಆ ಗಾಡಿಗೆ ಬೇರೆ ಇಂಜಿನ್ ಹಾಕಬಹುದು. ಆದರೆ ಅದು ಗಾಡಿಯಷ್ಟೇ ಹೊಸದೋ ಇನ್ನೂ ಹೊಸದೋ ಆಗಿರಬೇಕು. ಹೊಗೆ ತಡೆಯುವ ಅದರ ಬಿಡಿಭಾಗಗಳೆಲ್ಲ ಜೊತೆಗೆ ಬರಬೇಕು. ಸರ್ಕಾರ ಗೊತ್ತುಮಾಡಿದ ರೆಫರಿ ನೋಡಿ ಒಪ್ಪಬೇಕು. ನನಗೆ ಈ ನಿಯಮ ನ್ಯಾಯವಾಗಿಯೇ ಕಾಣುತ್ತದೆ. ಹೊಸ ಇಂಜಿನ್ ಬಂದರೆ ಹೊಗೆ ಕಡಿಮೆಯಾಗುತ್ತದೆ, ಅಲ್ವಾ? (ನಮ್ಮಲ್ಲಿ ಕಂಪನಿ ಕೊಟ್ಟ ರೂಪವನ್ನೇ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.) ಒಪ್ಪಲು ಕಷ್ಟವಾಗುವುದು ಕದಲದ ಆ ಗೆರೆ.

ಅದನ್ನು ಕದಲಿಸಲು 2025ರಲ್ಲಿ ಒಂದು ಪ್ರಯತ್ನ ನಡೆಯಿತು. 35 ವರ್ಷ ದಾಟಿದ, ಸಂಗ್ರಹಕ್ಕಾಗಿ ಇಟ್ಟುಕೊಂಡ ಕಾರುಗಳಿಗೆ ವಿನಾಯಿತಿ ಕೊಡುವ ಮಸೂದೆ. ಟಿವಿ ನಿರೂಪಕ, ಕಾರುಪ್ರೇಮಿ ಜೇ ಲೆನೋ ಬೆನ್ನಿಗೆ ನಿಂತಿದ್ದರಿಂದ ಅದಕ್ಕೆ ಅವರ ಹೆಸರೇ ಬಿತ್ತು. ರಾಜ್ಯದ ಸೆನೆಟ್ ದಾಟಿದ ಮಸೂದೆ ಆಗಸ್ಟ್‌ನಲ್ಲಿ ಕೆಳಮನೆಯ ಸಮಿತಿಯಲ್ಲೇ ಉಳಿದುಹೋಯಿತು.