ನೀರು ಕುಡಿಯುವುದು ಬಿಟ್ಟರೆ ಮೂತ್ರ ಸೋರುವುದು ನಿಲ್ಲಲ್ಲ

ಕೆಆರ್‌ಎಸ್‌ನಿಂದ ನಾಲೆಗೆ ನೀರು ಬಿಟ್ಟು ಮಂಡ್ಯ ಕಡೆ ನಾಟಿ ಶುರುವಾಯಿತೆಂದರೆ, ನನ್ನ ಹತ್ತಿರ ಬರುವ ಹೆಂಗಸರೆಲ್ಲ ಸೊಂಟ ನೋವು ಅಂತಲೇ ಬರುತ್ತಾರೆ. ನೋವು ಇರುತ್ತದೆ, ಸುಳ್ಳಲ್ಲ. ದಿನವಿಡೀ ಕೆಸರಲ್ಲಿ ಬಗ್ಗಿ ನಿಂತವರಿಗೆ ಇನ್ನೇನು ಬರಬೇಕು? ಆದರೆ ಜೊತೆಗೆ ಬಂದ ಮಗನೋ ಸೊಸೆಯೋ ಆಚೆ ಹೋದ ಮೇಲೆ, ಎದ್ದು ಹೊರಡುವ ಹೊತ್ತಿಗೆ, ಸೆರಗಿನ ತುದಿ ಸುತ್ತುತ್ತಾ ಇನ್ನೊಂದು ಮಾತು ಬರುತ್ತದೆ. "ಕೆಮ್ಮುದ್ರೆ, ಹೊರೆ ಎತ್ತುದ್ರೆ ಸೀರೆ ಒದ್ದೆ ಆಯ್ತದೆ ಕಣವ್ವ." ಅದರ ಹಿಂದೆಯೇ, "ಅದ್ಕೇ ನೀರೇ ಕುಡಿಯಕ್ಕಿಲ್ಲ."

ಈ ಎರಡನೇ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸಿಟ್ಟೂ ಬರುತ್ತದೆ. ಫಿಸಿಯೋಥೆರಪಿ ಮಾಡುತ್ತಾ ಇಷ್ಟು ವರ್ಷ ಆಯಿತು, ನಲವತ್ತು ದಾಟಿದ ಕೂಲಿ ಹೆಂಗಸರಲ್ಲಿ ಈ ಮಾತು ಆಡದವರು ಕಡಿಮೆ.

ನಲ್ಲಿಯ ವಾಷರ್ ಸವೆದು ನೀರು ತೊಟ್ಟಿಕ್ಕುತ್ತಿದೆ ಅಂದುಕೊಳ್ಳಿ. ಟ್ಯಾಂಕಿಗೆ ನೀರು ಬಿಡದೆ ಇದ್ದರೆ ವಾಷರ್ ಸರಿಹೋಗುತ್ತದಾ? ನಿಮ್ಮ ತೊಂದರೆ ಮೂತ್ರಚೀಲದಲ್ಲಿ ಎಷ್ಟು ತುಂಬಿದೆ ಅನ್ನುವುದಲ್ಲ. ಕೆಳಹೊಟ್ಟೆಯ ತಳದಲ್ಲಿ ಜೋಳಿಗೆಯ ಹಾಗೆ ಕಟ್ಟಿಕೊಂಡು ಮೂತ್ರಚೀಲ, ಗರ್ಭಕೋಶ, ಮಲದ ದಾರಿ ಮೂರನ್ನೂ ಹೊತ್ತಿರುವ ಸ್ನಾಯುಗಳು ಸಡಿಲವಾಗಿವೆ, ಅದು ತೊಂದರೆ. ಹೆರಿಗೆಯಲ್ಲಿ ಅವು ಹಿಗ್ಗಿರುತ್ತವೆ. ಬಾಣಂತನ ಮುಗಿಯುವ ಮುಂಚೆಯೇ ಹೊರೆ ಹೊತ್ತಿರುತ್ತೀರಿ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46-47ರ ಸುಮಾರಿಗೆ. ಆಗ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು ಇಳಿದು ಅಲ್ಲಿನ ಪದರ ತೆಳುವಾಗುತ್ತದೆ. ಅದರ ಮೇಲೆ ತುಂಬಿದ ಬಿಂದಿಗೆ, ಹದಿನೈದು ಕೆಜಿಯಾದರೂ ಇರುತ್ತದೆ, ಉಸಿರು ಬಿಗಿಹಿಡಿದು ಎತ್ತುತ್ತೀರಿ. ಆ ಒತ್ತಡ ಪೂರ್ತಿ ಕೆಳಕ್ಕೇ ಹೋಗುತ್ತದೆ. ಭಾರ ಎತ್ತುವುದೊಂದೇ ಕಾರಣ ಅಂತ ನಾನು ಹೇಳಲಾರೆ, ಒಬ್ಬೊಬ್ಬರ ಮೈ ಒಂದೊಂದು ಥರ. ಆದರೆ ಸಡಿಲವಾದ ಜೋಳಿಗೆಗೆ ಅದು ಒಳ್ಳೆಯದು ಮಾಡುವುದಿಲ್ಲ.

ಈಗ ನೀರು ಕುಡಿಯುವುದು ಬಿಟ್ಟರೆ ಏನಾಗುತ್ತದೆ ನೋಡಿ. ಮೂತ್ರ ಗಟ್ಟಿಯಾಗಿ ಕಡು ಹಳದಿ ಆಗುತ್ತದೆ. ಅದು ಚೀಲವನ್ನು ಕೆರಳಿಸುತ್ತದೆ. ಸ್ವಲ್ಪ ತುಂಬಿದರೂ ಅವಸರ ಶುರು. ಉರಿ, ಸೋಂಕು ಹಿಂದೆಯೇ ಬರಬಹುದು. ಬಿಸಿಲಲ್ಲಿ ಬೆವರು ಬೇರೆ ಹರಿದಿರುತ್ತದೆ, ಹಾಗಾಗಿ ಕಲ್ಲಾಗುವ ಸಾಧ್ಯತೆಯೂ ಜಾಸ್ತಿ. ಇದಕ್ಕಿಂತ ಮುಖ್ಯ, ನೀರಿಲ್ಲದೆ ಮಲ ಗಟ್ಟಿಯಾಗುತ್ತದೆ. ಬೆಳಿಗ್ಗೆ ಕೂತು ತಿಣುಕುತ್ತೀರಿ. ತಿಣುಕುವಾಗ ತಳ್ಳುವುದು ಯಾವುದನ್ನು? ಅದೇ ಜೋಳಿಗೆಯನ್ನು! ಸೋರುವುದು ನಿಲ್ಲಲಿ ಅಂತ ಬಿಟ್ಟ ನೀರು, ಸೋರುವುದನ್ನೇ ಜಾಸ್ತಿ ಮಾಡಿತು.

ಹೋದ ವರ್ಷ ಒಬ್ಬಾಕೆ ಬಂದಿದ್ದರು, ಕಬ್ಬು ಕಡಿಯುವವರು. ಮೂರು ದಿನದ ಲೆಕ್ಕ ಬರೆದು ತನ್ನಿ ಅಂದೆ. ಓದು ಬರಹ ಇಲ್ಲದವರು, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಮೊಮ್ಮಗಳ ಪೆನ್ಸಿಲ್ಲಲ್ಲಿ ಗೀಟು ಎಳೆದು ತಂದರು. ಒಂದು ದಿನಕ್ಕೆ ನೀರು ಮೂರು ಲೋಟ, ಟೀ ಆರು, ಮೂತ್ರಕ್ಕೆ ಹೋಗಿದ್ದು ಹದಿನಾಲ್ಕು ಸಲ. ಟೀಯನ್ನು ಅವರು ನೀರಿನ ಲೆಕ್ಕಕ್ಕೇ ಸೇರಿಸಿರಲಿಲ್ಲ. ಚೀಲವನ್ನು ಕೆರಳಿಸುವುದರಲ್ಲಿ ಟೀಯದೂ ಪಾಲಿದೆ ಅಂದಾಗ ಸುಮ್ನೆ ನನ್ನ ಮುಖ ನೋಡಿದರು. ಟೀ ಎರಡಕ್ಕೆ ಇಳಿಸಿ, ನೀರು ಒಂದೇ ಸಲ ಗಟಗಟ ಅಲ್ಲ, ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯಿರಿ ಅಂದೆ. ಮೂತ್ರ ತಿಳಿ ಹಳದಿ ಬಣ್ಣಕ್ಕೆ ಬಂದರೆ ಸಾಕು. ಹೃದಯದ್ದೋ ಕಿಡ್ನಿಯದ್ದೋ ಕಾಯಿಲೆ ಇರುವವರು ಮಾತ್ರ ನಿಮ್ಮ ಡಾಕ್ಟರನ್ನು ಕೇಳದೆ ನೀರು ಜಾಸ್ತಿ ಮಾಡಬೇಡಿ.

ಇನ್ನು ಆ ಜೋಳಿಗೆಯ ಸ್ನಾಯುಗಳಿಗೆ ವ್ಯಾಯಾಮ. ಅಮೆರಿಕದ ಡಾಕ್ಟರ್ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಇದರ ಬಗ್ಗೆ ಬರೆದರು, ಅವರ ಹೆಸರೇ ಉಳಿದಿದೆ. ಕೆಳಗಿನಿಂದ ಗಾಳಿ ಹೋಗದ ಹಾಗೆ ತಡೆಯುತ್ತೀರಲ್ಲ, ಹಾಗೆ ಒಳಕ್ಕೆ ಮೇಲಕ್ಕೆ ಬಿಗಿದು ಐದು ಎಣಿಸಿ, ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೂತ್ರ ಮಾಡುವಾಗ ತಡೆದು ಅಭ್ಯಾಸ ಮಾಡಬೇಡಿ. "ದಿನಾ ಗೇಯ್ತೀನಲ್ಲ, ಅದೇ ವ್ಯಾಯಾಮ" ಅನ್ನುತ್ತಾರೆ. ಗದ್ದೆ ಕೆಲಸ ಈ ಸ್ನಾಯುವನ್ನು ದಣಿಸುತ್ತದೆ, ಬಲ ಕೊಡುವುದಿಲ್ಲ. ಮೂರು ತಿಂಗಳು ಬಿಡದೆ ಮಾಡಿದರೆ ಸುಮಾರು ಜನಕ್ಕೆ ಗುಣ ಕಾಣುತ್ತದೆ. ಬಿಂದಿಗೆ ಎತ್ತುವ ಮುಂಚೆ ಒಮ್ಮೆ ಬಿಗಿಹಿಡಿದು, ಉಸಿರು ಬಿಡುತ್ತಾ ಎತ್ತುವುದನ್ನು ಇವತ್ತೇ ಶುರು ಮಾಡಬಹುದು. ಮೂತ್ರದಲ್ಲಿ ರಕ್ತ, ಜ್ವರ, ಮೂತ್ರವೇ ಕಟ್ಟಿಕೊಳ್ಳುವುದು, ತೊಡೆಸಂದು ಮರಗಟ್ಟುವುದು, ಕೆಳಗೆ ಗಡ್ಡೆಯ ಹಾಗೆ ಏನೋ ಹೊರಬರುವುದು, ಇವುಗಳಲ್ಲಿ ಯಾವುದೊಂದು ಇದ್ದರೂ ನನ್ನ ಹತ್ತಿರ ಅಲ್ಲ, ಮೊದಲು ಡಾಕ್ಟರ್ ಹತ್ತಿರ ಹೋಗಿ. ಗರ್ಭಕೋಶ ಜಾರಿದೆ ಅಂದ ಮಾತ್ರಕ್ಕೆ ತೆಗೆಸಲೇಬೇಕು ಅಂತೇನಿಲ್ಲ. ಒಳಗೆ ಇಡುವ ರಿಂಗ್ ಸುಮಾರು ಜನಕ್ಕೆ ಸಾಕಾಗುತ್ತದೆ, ಕೇಳಿ ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ಆ ಕಬ್ಬಿನ ಹೆಂಗಸು ಒಂದೇ ಪ್ರಶ್ನೆ ಕೇಳಿದರು. "ಕುಡುದ್ರೆ ಎಲ್ಲಿಗೋಗನವ್ವ?" ಸುತ್ತ ಗಂಡಾಳುಗಳು, ಪಕ್ಕದಲ್ಲೇ ರಸ್ತೆ. ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಆಳು ಕರೆಯುವ ಜಮೀನಿನವರ ಹತ್ತಿರ ಇದೆ. ಊಟ ಕೊಡುತ್ತೀರಿ, ಟೀ ಕೊಡುತ್ತೀರಿ, ಬದುವಿನ ಹತ್ತಿರ ನಾಲ್ಕು ಗಳ ನೆಟ್ಟು ಹಳೇ ಟಾರ್ಪಾಲು ಸುತ್ತಿ, ಒಂದು ಬಕೆಟ್ ನೀರಿಡಿ. ಆಕೆ ಕೆಲಸಕ್ಕೆ ಹೋಗುವ ಗದ್ದೆಯ ಯಜಮಾನರಿಗೆ ನಾನೇ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ "ಆಯ್ತಮ್ಮ" ಅಂದರು, ಕಟ್ಟಿಸಿದರು. ಮುಂದಿನ ಸಲ ಬಂದ ಕ್ಯಾಲೆಂಡರ್ ಹಾಳೆಯಲ್ಲಿ ನೀರಿನ ಗೀಟು ಎಂಟು ಇತ್ತು.